ಗುಂಡಿನ ತೂಕ ಗೊತ್ತು, ಕಾಸಿನ ದಾರಿ ಗೊತ್ತಿಲ್ಲ

ಜಪಾನಿನ ಯಾವ ಊರಿನ ರೈಲು ನಿಲ್ದಾಣದಿಂದ ಹೊರಗೆ ಬಂದರೂ ಕಣ್ಣಿಗೆ ರಾಚುವ ಅಂಗಡಿಗಳಲ್ಲಿ ಪಚಿಂಕೊ ಒಂದು: ನೆಟ್ಟಗೆ ನಿಲ್ಲಿಸಿದ ಯಂತ್ರದಲ್ಲಿ ಉಕ್ಕಿನ ಗುಂಡು ಹಾರಿಸಿ, ಗೆದ್ದ ಗುಂಡಿಗೆ ಬಹುಮಾನ ಪಡೆಯುವ ಆಟ. ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆಯುವ ಮುಂಚೆಯೇ ಎಷ್ಟೋ ಕಡೆ ಜನ ಸಾಲಾಗಿ ನಿಂತಿರುತ್ತಾರೆ. ಗಾಜಿನ ಬಾಗಿಲು ಸರಿದ ಕೂಡಲೇ ಒಳಗಿನ ಸದ್ದು ಬೀದಿಗೆ ಸುರಿಯುತ್ತದೆ. ಸಾವಿರಾರು ಉಕ್ಕಿನ ಗುಂಡು ಹಿತ್ತಾಳೆ ಮೊಳೆಗೆ ಬಡಿಯುವ ಸದ್ದು ಅದು. ಅಕ್ಕಿ ಗಿರಣಿ, ಜಾತ್ರೆ ಮೈಕು ಎರಡನ್ನೂ ಒಂದೇ ಕೋಣೆಯಲ್ಲಿ ಕೂಡಿಹಾಕಿದ ಹಾಗೆ. ಊರಿಂದ ಬಂದ ನೆಂಟರು ಕೇಳುವುದು ಎರಡೇ ಪ್ರಶ್ನೆ. “ಇದು ಜೂಜಲ್ವೇನಪ್ಪಾ?” ಅನ್ನುವುದು ಮೊದಲನೆಯದು. “ಮತ್ತೆ ಪೊಲೀಸಿನೋರು ಹೆಂಗೆ ಸುಮ್ನೆ ಬಿಟ್ಟವ್ರೆ?” ಅನ್ನುವುದು ಎರಡನೆಯದು.

ಮೊದಲನೆಯದಕ್ಕೆ ಆಡುವವರ ಉತ್ತರ ಹೌದು, ಕಾನೂನಿನ ಉತ್ತರ ಅಲ್ಲ. ಎರಡನೆಯದಕ್ಕೆ ಉತ್ತರ ಬೇಕಾದರೆ ಯಂತ್ರದೊಳಗೂ ಇಣುಕಬೇಕು, ಅಂಗಡಿಯ ಹಿಂದಿನ ಓಣಿಗೂ ಹೋಗಿಬರಬೇಕು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಈ ಆಟದಲ್ಲಿ ಜಪಾನು ಕಣ್ಣು ಮುಚ್ಚಿಕೊಳ್ಳುವುದು ಒಂದೇ ಜಾಗದಲ್ಲಿ, ಉಳಿದದ್ದನ್ನೆಲ್ಲ ಅಳೆದು ತೂಗಿ ಇಡುತ್ತದೆ. ಕರ್ನಾಟಕದಲ್ಲಿ ನಾವು ಏನನ್ನೂ ಅಳೆಯದೆ ನಿಷೇಧ ಅಂದುಬಿಡುತ್ತೇವೆ. ಅಳತೆಯೇ ವಾಸಿ ಅಂತ ನನಗೆ ಅನಿಸಿದರೂ, ಅಳತೆಯಿಂದ ಆಡುವವನ ಜೇಬು ಉಳಿಯುತ್ತದೆಯೇ ಅನ್ನುವುದು ಬೇರೆಯೇ ಲೆಕ್ಕ. ಆ ಲೆಕ್ಕವನ್ನೂ ಮಾಡೋಣ.

ಗುಂಡಿನಿಂದಲೇ ಶುರು. ಸೈಕಲ್ ಅಂಗಡಿಯ ಬೇರಿಂಗ್ ಗುಂಡು ಸ್ವಲ್ಪ ದಪ್ಪಗಾದರೆ ಪಚಿಂಕೊ ಗುಂಡು. ವ್ಯಾಸ 11 ಮಿಲಿಮೀಟರು. ತೂಕ 5.4 ಗ್ರಾಮಿಗಿಂತ ಕಡಿಮೆ ಇರುವಂತಿಲ್ಲ, 5.7 ಗ್ರಾಮು ದಾಟುವಂತಿಲ್ಲ. ಈ ಅಂಕಿ ಇರುವುದು ಸರ್ಕಾರದ ನಿಯಮದಲ್ಲಿ. ಪ್ರತಿ ಗುಂಡಿನ ಮೇಲೂ ಅಂಗಡಿಯ ಗುರುತು ಕೆತ್ತಿರುತ್ತದೆ, ಪಕ್ಕದ ಅಂಗಡಿಯ ಗುಂಡು ತಂದು ಸುರಿದರೆ ಸಿಕ್ಕಿಬೀಳುತ್ತೀರಿ. ಗುಂಡನ್ನು ಮಾರುವುದಿಲ್ಲ, ಬಾಡಿಗೆಗೆ ಕೊಡುತ್ತಾರೆ. ಒಂದಕ್ಕೆ 4 ಯೆನ್, ತೆರಿಗೆ ಬೇರೆ. ಅದಕ್ಕಿಂತ ಹೆಚ್ಚು ಕೇಳುವ ಹಾಗಿಲ್ಲ. ಕಡಿಮೆ ಕೇಳಬಹುದು, ಆದ್ದರಿಂದ ಬಹಳ ಅಂಗಡಿಗಳಲ್ಲಿ 1 ಯೆನ್ನಿನ ಸಾಲೂ ಇದೆ, ಹೆಚ್ಚಾಗಿ ನಿವೃತ್ತರು ಕೂರುವುದು ಅಲ್ಲೇ. ತೆರಿಗೆ ಬಿಟ್ಟು ಲೆಕ್ಕ ಹಾಕಿದರೆ 4 ಯೆನ್ನಿನ ಸಾಲಿನಲ್ಲಿ ಸಾವಿರ ಯೆನ್ನಿಗೆ 250 ಗುಂಡು. ಬೊಗಸೆ ತುಂಬ ಹಿಡಿದರೆ ತಣ್ಣಗೆ, ಸ್ವಲ್ಪ ಜಾರು ಜಾರಾಗಿ, ತೂಕ ಒಂದೂಕಾಲು ಕಿಲೋ ದಾಟುತ್ತದೆ.

ಪಚಿನ್ ಅನ್ನುವುದು ಚಿಮ್ಮುವ ಸದ್ದು. ಹುಡುಗರ ಕ್ಯಾಟರ್‌ಬಿಲ್ಲಿಗೂ ಜಪಾನಿ ಭಾಷೆಯಲ್ಲಿ ಪಚಿಂಕೊ ಎಂದೇ ಹೆಸರು. ಹಿಂದೆ ಯಂತ್ರಕ್ಕೆ ಸ್ಪ್ರಿಂಗಿನ ಸನ್ನೆ ಇತ್ತು, ಹೆಬ್ಬೆರಳಲ್ಲಿ ಒಂದೊಂದೇ ಗುಂಡು ಹಾರಿಸಬೇಕಿತ್ತು. ಈಗ ಬಲಗಡೆ ಕೆಳಗೆ ಗುಂಡಗಿನ ಹಿಡಿ ಇದೆ, ಅದನ್ನು ತಿರುಗಿಸಿ ಹಿಡಿದರೆ ಮೋಟಾರು ತಾನೇ ಹಾರಿಸುತ್ತದೆ. ಎಷ್ಟು ತಿರುಗಿಸಿದರೆ ಅಷ್ಟು ದೂರ. ನಿಮಿಷಕ್ಕೆ 100 ಗುಂಡಿನ ಮೇಲೆ ಹಾರುವಂತಿಲ್ಲ, ಇದೂ ನಿಯಮವೇ. ಹಿಡಿಗೆ ಸ್ಪರ್ಶ ಸಂವೇದಕ ಇದೆ. ಕೈ ಚರ್ಮ ತಾಗದಿದ್ದರೆ ಗುಂಡು ಹಾರುವುದಿಲ್ಲ. ಚಳಿಗಾಲದಲ್ಲಿ ಕೈಗವಸು ಹಾಕಿಕೊಂಡೇ ಕೂತು “ಯಂತ್ರ ಕೆಟ್ಟಿದೆ” ಅಂತ ಸಿಬ್ಬಂದಿಯನ್ನು ಕರೆಯುವ ಹೊಸಬರು ಇದ್ದಾರೆ. ಹಿಡಿಯ ಸಂದಿಗೆ ನಾಣ್ಯ ಸಿಕ್ಕಿಸಿ ಕೈ ಹಗುರ ಮಾಡಿಕೊಳ್ಳುವುದು ಹಳೇ ಚಾಳಿ, ಈಗ ಅಂಗಡಿಯವರು ಬಂದು ತೆಗೆಸುತ್ತಾರೆ. ಆಡುವುದು ಆಟಗಾರನ ಕೈಯೇ ಆಗಿರಬೇಕು ಅನ್ನುವುದು ಲೆಕ್ಕ. ಮನುಷ್ಯನ ಕೈ ಒಂದು ಇದೆ ಅನ್ನುವುದರ ಮೇಲೆ ಇಡೀ ವ್ಯವಹಾರದ ಮಾನ ನಿಂತಿದೆ.

ಚೌಕಟ್ಟು ಸುಮಾರು 81 ಸೆಂಟಿಮೀಟರು ಎತ್ತರ, 52 ಸೆಂಟಿಮೀಟರು ಅಗಲ. ಗಾಜಿನ ಹಿಂದೆ ಹಲಗೆ, ಹಲಗೆ ತುಂಬ ಹಿತ್ತಾಳೆ ಮೊಳೆ, ಮಧ್ಯೆ ದೊಡ್ಡ ತೆರೆ. ಎಡಗಡೆಯ ಹಳಿ ಹಿಡಿದು ಗುಂಡು ಮೇಲೇರಿ, ನೆತ್ತಿಯ ಎಡಕ್ಕಿರುವ ಒಂದು ಸಂದಿನಲ್ಲಿ ಬಿದ್ದರೆ ಸರಿಯಾದ ದಾರಿ. ಆ ಸಂದಿಗೆ ಬುಕ್ಕೊಮಿ ಅಂತಾರೆ. ಅಲ್ಲಿಂದ ಗಾಳಿಚಕ್ರಕ್ಕೆ ಬಡಿದು, ಮೊಳೆಗಳ ಸಾಲಿನ ಮೇಲೆ ಪುಟಿಯುತ್ತಾ ತೆರೆಯ ಕೆಳಗಿರುವ ಸಣ್ಣ ಬಟ್ಟಲಿಗೆ ಬರಬೇಕು. ಬಟ್ಟಲಿನ ಹೆಸರು ಹೆಸೊ, ಅಂದರೆ ಹೊಕ್ಕುಳು. ಹೊಕ್ಕುಳಿನ ನೆತ್ತಿ ಕಾಯುವ ಎರಡು ಮೊಳೆಗೆ ಇನೊಚಿ-ಕುಗಿ ಎಂದು ಹೆಸರು: ಜೀವದ ಮೊಳೆ. ಹೆಸರಿಟ್ಟವನಿಗೆ ವ್ಯಾಪಾರ ಗೊತ್ತಿತ್ತು. 11 ಮಿಲಿಮೀಟರಿನ ಗುಂಡಿಗೆ ಅಲ್ಲಿರುವ ಸಂದು 12ರ ಆಸುಪಾಸು. ಕಾಲು ಮಿಲಿಮೀಟರು ಹಿಗ್ಗಿದರೆ ಅಂಗಡಿಗೆ ನಷ್ಟ, ಕಾಲು ಮಿಲಿಮೀಟರು ಕುಗ್ಗಿದರೆ ನಿಮಗೆ. ಯಂತ್ರವನ್ನು ಹಿಂದಕ್ಕೆ ಒಂದು ಡಿಗ್ರಿಯಷ್ಟು ವಾಲಿಸಿ ನಿಲ್ಲಿಸಿರುತ್ತಾರೆ. ಇನ್ನಷ್ಟು ವಾಲಿದರೆ ಗುಂಡು ಹಲಗೆಗೆ ಅಂಟಿಕೊಂಡು ನಿಧಾನವಾಗಿ ಇಳಿಯುತ್ತದೆ, ನೆಟ್ಟಗಾದರೆ ಗಾಜಿಗೆ ಬಡಿದು ಚೆಲ್ಲಾಡುತ್ತದೆ. ಒಂದೇ ಕಂಪನಿಯ ಒಂದೇ ಮಾದರಿಯ ಎರಡು ಯಂತ್ರ ಬೇರೆ ಬೇರೆ ಸ್ವಭಾವ ತೋರುವುದು ಹೀಗೆ.

ಹೊಕ್ಕುಳಿಗೆ ಗುಂಡು ಬಿದ್ದರೆ ಮಾದರಿಗೆ ತಕ್ಕಂತೆ ಒಂದೋ ಮೂರೋ ಗುಂಡು ವಾಪಸು ಬರುತ್ತದೆ, ಜೊತೆಗೆ ತೆರೆಯ ಮೇಲೆ ಮೂರು ಅಂಕಿ ತಿರುಗತೊಡಗುತ್ತವೆ. ಎರಡು ಒಂದೇ ಆಗಿ ನಿಂತು ಮೂರನೆಯದು ಸತಾಯಿಸಿದರೆ ರೀಚಿ. ಮೀನು ಹಿಂಡು ಹಾಯುತ್ತದೆ, ಯಾರೋ ಯೋಧ ಕತ್ತಿ ಎತ್ತುತ್ತಾನೆ, ಹಿಡಿ ಗಡಗಡ ನಡುಗುತ್ತದೆ, ಗುಂಡಿ ಒತ್ತಿ ಅನ್ನುತ್ತದೆ. ಒತ್ತಿದರೂ ಒತ್ತದಿದ್ದರೂ ಒಂದೇ. ಗುಂಡು ಸಂವೇದಕವನ್ನು ದಾಟಿದ ಕ್ಷಣದಲ್ಲೇ ಯಂತ್ರ ಒಂದು ಸಂಖ್ಯೆ ಎತ್ತಿ ಆಗಿರುತ್ತದೆ. 65,536 ಸಂಖ್ಯೆಗಳಲ್ಲಿ 205 ಗೆಲ್ಲುವವು ಅಂದರೆ 319.7ಕ್ಕೆ ಒಂದು ಗೆಲುವು, ದೊಡ್ಡ ಯಂತ್ರಗಳಲ್ಲಿ ಹೆಚ್ಚಾಗಿ ಕಾಣುವ ಲೆಕ್ಕ ಇದೇ. ಆಮೇಲೆ ತೆರೆಯ ಮೇಲೆ ನಡೆಯುವುದೆಲ್ಲ ಮೊದಲೇ ಬರೆದಿಟ್ಟ ತೀರ್ಪನ್ನು ಓದಿ ಹೇಳುವ ಯಕ್ಷಗಾನ. ತಿರುಗುತ್ತಿರುವಾಗ ಬಿದ್ದ ಗುಂಡುಗಳಲ್ಲಿ ನಾಲ್ಕು ಮಾತ್ರ ಸರದಿಯಲ್ಲಿ ನಿಲ್ಲುತ್ತವೆ, ಅದಕ್ಕೆ ಹೊರ್ಯೂ ಅಂತಾರೆ. ಐದನೆಯದು ಬಿದ್ದರೆ ವಾಪಸು ಬರುವ ಗುಂಡು ಬರುತ್ತದೆ, ಅಂಕಿ ತಿರುಗುವ ಸುತ್ತು ಸಿಗುವುದಿಲ್ಲ. ಆದ್ದರಿಂದ ಸರದಿ ತೋರಿಸುವ ಮೂರು ದೀಪ ಹತ್ತಿದಾಗಲೇ ಕೈ ಬಿಡುವುದು ಅನುಭವಿಗಳ ಕ್ರಮ. ಹೊಸಬ ರೀಚಿ ನೋಡುತ್ತಾ ಬಾಯಿ ಬಿಟ್ಟುಕೊಂಡು ಹಿಡಿ ಹಿಡಿದೇ ಇರುತ್ತಾನೆ. ನಿಮಿಷಕ್ಕೆ ನೂರು ಗುಂಡು, ಅಂದರೆ 400 ಯೆನ್, ಕೆಳಗಿನ ತೂತಿಗೆ ಹೋಗುತ್ತಿರುತ್ತದೆ.

ಗೆದ್ದರೆ “ಬಲಕ್ಕೆ ಹೊಡೆಯಿರಿ” ಎಂದು ಯಂತ್ರ ಕೂಗುತ್ತದೆ. ಹಿಡಿಯನ್ನು ಪೂರಾ ತಿರುಗಿಸಬೇಕು, ಗುಂಡು ಹಲಗೆಯ ಬಲಬದಿಗೆ ಹಾರಬೇಕು. ಅಲ್ಲಿ ಅಟ್ಯಾಕರ್ ಎಂಬ ಅಗಲ ಬಾಯಿ ತೆರೆಯುತ್ತದೆ. ಒಂದು ಸಲಕ್ಕೆ ಸಾಮಾನ್ಯವಾಗಿ ಹತ್ತು ಗುಂಡು ನುಂಗಿ ಮುಚ್ಚುತ್ತದೆ, ನುಂಗಿದ ಒಂದಕ್ಕೆ ಹತ್ತೋ ಹದಿನೈದೋ ಕಕ್ಕುತ್ತದೆ. ಹತ್ತು ಸಲ ತೆರೆದು ಮುಚ್ಚಿದರೆ 1,500ರ ತನಕ ಗುಂಡು. ಒಂಬತ್ತನೆಯದು ಬಿದ್ದ ಮೇಲೆ ಒಂದನ್ನು ಮೆಲ್ಲಗೆ, ಅದರ ಹಿಂದೆಯೇ ಇನ್ನೊಂದನ್ನು ಜೋರಾಗಿ ಹಾರಿಸಿ ಹತ್ತು, ಹನ್ನೊಂದು ಒಟ್ಟಿಗೆ ಬಾಯಿಗೆ ಬೀಳುವ ಹಾಗೆ ಮಾಡುವ ಚಮತ್ಕಾರವೂ ಇದೆ. ಈ ಆಟದಲ್ಲಿ ಕೈಚಳಕ ಅಂತ ಉಳಿದಿರುವುದು ಹೆಚ್ಚುಕಡಿಮೆ ಅಷ್ಟೇ, ಅದನ್ನೂ ಕೆಲವು ಅಂಗಡಿಗಳು ನಿಷೇಧಿಸಿವೆ. ಗೆದ್ದ ನಂತರ ಸ್ವಲ್ಪ ಹೊತ್ತು ಗೆಲ್ಲುವ ಸಂಭವ ಏರುವ ಸ್ಥಿತಿಗೆ ಕಾಕುಹೆನ್ ಎಂದೂ, ಸುತ್ತುಗಳು ಬೇಗ ಮುಗಿದು ಗುಂಡು ಅಷ್ಟಾಗಿ ಖರ್ಚಾಗದ ಸ್ಥಿತಿಗೆ ಜಿತಾನ್ ಎಂದೂ ಹೆಸರು. ಒಂದು ಗೆಲುವು ಇನ್ನೊಂದನ್ನು ಎಳೆದುಕೊಂಡು ಬರುವುದು ಇಲ್ಲಿ. ಜನ ಈ ಯಂತ್ರದ ಮುಂದೆ ಕೂರುವುದೂ ಅದಕ್ಕೇ.

ಎಡವಟ್ಟಾಗುವುದು ಬಹಳ ಸಣ್ಣ ಕಾರಣಕ್ಕೆ. ಗೆದ್ದದ್ದು ತಿಳಿಯದೆ ಎಡಕ್ಕೇ ಹೊಡೆಯುತ್ತಾ ಕೂತರೆ ಅಟ್ಯಾಕರ್ ಅರ್ಧ ನಿಮಿಷ ಕಾದು ಖಾಲಿ ಬಾಯಲ್ಲಿ ಮುಚ್ಚಿಕೊಳ್ಳುತ್ತದೆ. ಇದಕ್ಕೆ ಅವರು ಪಂಕು ಅಂತಾರೆ, ನಮ್ಮ ಪಂಚರ್. ಜಿತಾನ್ ಮುಗಿದ ಮೇಲೂ ಬಲಕ್ಕೇ ಹೊಡೆಯುತ್ತಿದ್ದರೆ ಎಲ್ಲ ಗುಂಡೂ ದಂಡ. ಮೊಳೆಗಳ ನಡುವೆ ನಾಲ್ಕೈದು ಗುಂಡು ಒಂದಕ್ಕೊಂದು ಒತ್ತಿಕೊಂಡು ಗೊಂಚಲಾಗಿ ನಿಂತುಬಿಡುತ್ತವೆ. ಅದಕ್ಕೆ ಬುದೋ, ಅಂದರೆ ದ್ರಾಕ್ಷಿ, ಅಂತ ಹೆಸರು. ಗಾಜಿಗೆ ಗುದ್ದಬಾರದು, ಅಲುಗಾಟದ ಸಂವೇದಕ ಕಿರುಚುತ್ತದೆ. ಅಯಸ್ಕಾಂತಕ್ಕೆ, ರೇಡಿಯೊ ಅಲೆಗೆ ಬೇರೆ ಸಂವೇದಕ ಇವೆ, ಮೋಸಗಾರರು ಅದನ್ನೆಲ್ಲ ಪ್ರಯೋಗಿಸಿ ನೋಡಿದ್ದಾರೆ. ತಲೆಯ ಮೇಲಿನ ಕರೆಗುಂಡಿ ಒತ್ತಿದರೆ ಸಿಬ್ಬಂದಿ ಬಂದು, ಬಾಗಿ ನಮಸ್ಕರಿಸಿ, ಗಾಜು ತೆರೆದು ದ್ರಾಕ್ಷಿ ಬಿಡಿಸಿ, ಮತ್ತೆ ನಮಸ್ಕರಿಸಿ ಹೋಗುತ್ತಾರೆ.

ಇನ್ನು ಜೇಬಿನ ಲೆಕ್ಕ. ಗೊತ್ತಿರುವವರು ಯಂತ್ರದ ಮುಂದೆ ಕೂತು ನೋಡುವುದು ತೆರೆಯನ್ನಲ್ಲ, ಸಾವಿರ ಯೆನ್ನಿಗೆ ಎಷ್ಟು ಸುತ್ತು ಬಂತು ಅನ್ನುವುದನ್ನು. ಒಂದು ಯಂತ್ರದಲ್ಲಿ 319ಕ್ಕೆ ಒಂದು ಗೆಲುವು, ಒಮ್ಮೆ ಗೆದ್ದರೆ ಅದರ ಬಾಲ ಹಿಡಿದು ಬರುವ ಗೆಲುವುಗಳೂ ಸೇರಿ ಸರಾಸರಿ 4,800 ಗುಂಡು ಅಂದುಕೊಳ್ಳಿ. 250ನ್ನು 319ರಿಂದ ಗುಣಿಸಿ 4,800ರಿಂದ ಭಾಗಿಸಿದರೆ 16.6. ಸಾವಿರಕ್ಕೆ ಅಷ್ಟು ಸುತ್ತು ಬಂದರೆ ಸಮಸಮ, ಇದೇ ಗಡಿ. ಆದರೆ ಇದು ಗುಂಡನ್ನು ಕೊಟ್ಟ ಬೆಲೆಗೇ ವಾಪಸು ಪಡೆಯುವ ಅಂಗಡಿಯಲ್ಲಿ. 100 ಯೆನ್ನಿಗೆ 25 ಗುಂಡು ಕೊಟ್ಟು, ವಾಪಸು ಪಡೆಯುವಾಗ 28 ಗುಂಡು ಕೇಳುವ ಅಂಗಡಿಗಳು ಬೇಕಾದಷ್ಟಿವೆ. ಅಲ್ಲಿ ನಗದು ಹಾಕಿ ಆಡುವವನ ಗಡಿ 18.6ಕ್ಕೆ ಏರುತ್ತದೆ. ಗೆದ್ದ ಗುಂಡಿನಲ್ಲೇ ಮುಂದುವರಿದರೆ ಮತ್ತೆ 16.6. ಅದಕ್ಕೇ ಪಳಗಿದವರು ನಡುವೆ ಎದ್ದು ಹೋಗುವುದಿಲ್ಲ.

ಅಂಗಡಿಯವರೇನು ದಡ್ಡರಲ್ಲ, ಬಹುಪಾಲು ಯಂತ್ರಗಳು ಗಡಿಯ ಕೆಳಗೇ ಇರುತ್ತವೆ. ಸಾವಿರಕ್ಕೆ 15 ಸುತ್ತು ಬರುವ ಯಂತ್ರ ಅಂದುಕೊಳ್ಳಿ. ಸುತ್ತಿಗೆ ನೀವು ತೆರುವುದು 66.7 ಯೆನ್, ಸರಾಸರಿ ವಾಪಸು ಬರುವುದು 60.2. ಗಂಟೆಗೆ 200 ಸುತ್ತು ಅಂದರೆ 1,300 ಯೆನ್ ಹತ್ತಿರ ನಷ್ಟ, ಎಂಟು ಗಂಟೆಗೆ ಹತ್ತು ಸಾವಿರ. ಇದು ಸರಾಸರಿ. ಸರಾಸರಿಯಂತೆ ಯಾರಿಗೂ ಆಗುವುದಿಲ್ಲ. 319 ಸುತ್ತು ಆಡಿದರೂ ಒಮ್ಮೆಯೂ ಗೆಲ್ಲದೇ ಇರುವ ಸಂಭವ ನೂರಕ್ಕೆ 37. ಸಾವಿರ ಸುತ್ತಾದರೂ ಬರಿಗೈ ಎನ್ನುವುದು ನೂರರಲ್ಲಿ ನಾಲ್ಕು ಮಂದಿಯ ಪಾಡು, ಅಷ್ಟರಲ್ಲಿ ಹೋಗಿರುವುದು 66,000 ಯೆನ್. “ಇಷ್ಟು ಸುರಿದಾಗಿದೆ, ಇನ್ನೇನು ಬರಬೇಕು” ಅನ್ನುವ ಮಾತಿಗೆ ಅರ್ಥವೇ ಇಲ್ಲ. ಯಂತ್ರಕ್ಕೆ ನೆನಪಿಲ್ಲ, ಸಾವಿರದ ಒಂದನೆಯ ಸುತ್ತಿಗೂ ಅದೇ 65,536ರಲ್ಲಿ 205.

ಇಲ್ಲಿ ಸರ್ಕಾರದ ಕೈ ಎಲ್ಲಿದೆ ಅಂತ ನೋಡಿ. ಹೊಸ ಮಾದರಿ ಬಂದರೆ ಅದನ್ನು ಪರೀಕ್ಷಾ ಸಂಸ್ಥೆ ಗಂಟೆಗಟ್ಟಲೆ ಓಡಿಸಿ ಎಣಿಸುತ್ತದೆ. 2018ರ ನಿಯಮದ ಪ್ರಕಾರ ಒಂದು ಗಂಟೆಯಲ್ಲಿ ಕೊಡುವ ಗುಂಡು ಹಾರಿಸಿದ್ದರ 2.2 ಪಟ್ಟು ಮುಟ್ಟಬಾರದು, ನಾಲ್ಕು ಗಂಟೆಯಲ್ಲಿ 1.5 ಪಟ್ಟು ಮುಟ್ಟಬಾರದು. ನಿಮಿಷಕ್ಕೆ 100ರಂತೆ ನಾಲ್ಕು ಗಂಟೆಗೆ 24,000 ಗುಂಡು, ಅದರ ಅರ್ಧ 12,000, ನಾಲ್ಕು ಯೆನ್ನಿನಂತೆ 48,000. ಒಬ್ಬ ಸಾಮಾನ್ಯವಾಗಿ ಕೂರುವ ನಾಲ್ಕು ಗಂಟೆಯಲ್ಲಿ 50,000 ಯೆನ್ನಿನ ಮೇಲೆ ಗೆಲ್ಲಬಾರದು ಅನ್ನುವುದು ಈ ಅಂಕಿಯ ಒಳಗುಟ್ಟು. ಗೆಲುವಿಗೆ ಮಿತಿ ಹಾಕಿದರೆ ಸೋಲಿನ ಬೆನ್ನಟ್ಟುವ ಹುಚ್ಚೂ ತಗ್ಗುತ್ತದೆ ಎಂಬ ತರ್ಕ. ಕೆಳಮಿತಿಯೂ ಇದೆ, ಹತ್ತು ಗಂಟೆ ಓಡಿಸಿದರೆ ಅರ್ಧಕ್ಕಿಂತ ಕಡಿಮೆ ವಾಪಸು ಕೊಡುವ ಯಂತ್ರವೂ ಪಾಸಾಗುವುದಿಲ್ಲ.

ಕಾಗದದ ಮೇಲೆ ಇದೆಲ್ಲ ಚೆನ್ನ. 2015ರಲ್ಲಿ ಅಂಗಡಿಗಳಿಗೆ ಹೋಗಿ ಯಂತ್ರಗಳನ್ನು ಪರಿಶೀಲಿಸಿದಾಗ ಪ್ರಮಾಣಪತ್ರದಲ್ಲಿದ್ದಂತೆ ಗುಂಡು ಕೊಡುವ ಯಂತ್ರ ಒಂದೂ ಸಿಗಲಿಲ್ಲ. ಅಕ್ಕಪಕ್ಕದ ಸಣ್ಣ ಬಟ್ಟಲುಗಳ ಮೊಳೆ ಬಿಗಿಯಾಗಿತ್ತು, ಹೊಕ್ಕುಳಿನ ಮೊಳೆ ಸಡಿಲವಾಗಿತ್ತು. ಚಿಲ್ಲರೆ ಗೆಲುವು ಕಮ್ಮಿ, ದೊಡ್ಡ ಗೆಲುವಿನ ಆಸೆ ಜಾಸ್ತಿ. ಅಂಥ ಯಂತ್ರಗಳನ್ನು ಲಕ್ಷಗಟ್ಟಲೆ ತೆಗೆಸಬೇಕಾಯಿತು. ಒಪ್ಪಿಗೆಯಿಲ್ಲದೆ ಮೊಳೆ ಬಗ್ಗಿಸುವುದು ಅಪರಾಧ ಎಂದು ಎಲ್ಲರಿಗೂ ಗೊತ್ತಿತ್ತು, ಸುತ್ತಿಗೆ ಹಿಡಿದು ಮೊಳೆ ತಿದ್ದುವವನು ಇದ್ದಾನೆ ಅನ್ನುವುದೂ ಎಲ್ಲರಿಗೂ ಗೊತ್ತಿತ್ತು. ಅಂಗಡಿ ಮುಚ್ಚಿದ ರಾತ್ರಿಯಲ್ಲಿ ಅಳತೆಯ ಗುಂಡು ಹಿಡಿದು, ಜೀವದ ಮೊಳೆಯನ್ನು ಟಿಕ್ ಎಂದು ಒಂದೇ ಏಟು ತಟ್ಟಿ ನಾಳೆಯ ಲಾಭ ನಿರ್ಧರಿಸುವ ಈ ಕಸುಬುದಾರನಿಗೆ ಕುಗಿಶಿ ಎಂದು ಹೆಸರು. ನಮ್ಮ ಕಡೆ ಅಕ್ಕಸಾಲಿಗೆ ಹೇಳುವ ಮಾತು ಇವನಿಗೂ ಒಪ್ಪುತ್ತದೆ: ಅಕ್ಕನ ಚಿನ್ನವನ್ನೂ ಬಿಡ.

ಈಗ ಓಣಿಗೆ ಹೋಗೋಣ. ಜಪಾನಿನ ದಂಡ ಸಂಹಿತೆಯ 185ನೇ ಕಲಮು ಜೂಜನ್ನು ನಿಷೇಧಿಸುತ್ತದೆ. ಆ ಹೊತ್ತಿನ ಮನರಂಜನೆಗೆ ಒದಗುವ ವಸ್ತುವನ್ನು ಪಣಕ್ಕಿಟ್ಟರೆ ಮಾತ್ರ ವಿನಾಯಿತಿ. ಪಚಿಂಕೊ ಅಂಗಡಿಗೆ ಅನುಮತಿ ಕೊಡುವುದು 1948ರ ಇನ್ನೊಂದು ಕಾಯ್ದೆ. ಅದರ ಪ್ರಕಾರ ಅಂಗಡಿ ನಗದು ಕೊಡುವಂತಿಲ್ಲ, ಕೊಟ್ಟ ಬಹುಮಾನವನ್ನು ತಾನೇ ಕೊಂಡುಕೊಳ್ಳುವಂತಿಲ್ಲ, ಒಂದು ಬಹುಮಾನದ ಬೆಲೆ ತೆರಿಗೆ ಬಿಟ್ಟು 9,600 ಯೆನ್ ಮೀರುವಂತಿಲ್ಲ. ಸೋಪು, ಬಿಸ್ಕತ್ತು, ಸಿಗರೇಟು ಕೊಡಬಹುದು. ಯಾರಿಗೆ ಬೇಕು?

ನಮ್ಮಲ್ಲಿ ಚಾಪೆ ಕೆಳಗೆ ತೂರಿದರೆ ರಂಗೋಲಿ ಕೆಳಗೆ ತೂರುವವರು ಇದ್ದಾರೆ ಅನ್ನುತ್ತಾರಲ್ಲ, ಆ ರಂಗೋಲಿ ಎಳೆದದ್ದು 1961ರಲ್ಲಿ, ಒಸಾಕಾದಲ್ಲಿ. ಹಿಂದೆ ಅಂಗಡಿ ಹೊರಗೆ ನಿಂತು ಬಹುಮಾನದ ಸಿಗರೇಟನ್ನು ಅಗ್ಗಕ್ಕೆ ಕೊಂಡು ಲಾಭ ಹೊಡೆಯುತ್ತಿದ್ದದ್ದು ರೌಡಿ ಗುಂಪುಗಳು. ಅವರನ್ನು ಹೊರಗಿಡಲು, ಗಂಡನನ್ನು ಕಳೆದುಕೊಂಡ ಹೆಂಗಸರಿಗೆ ಮತ್ತು ಅಂಗವಿಕಲರಿಗೆ ಕೆಲಸ ಕೊಡುವ ಕಲ್ಯಾಣ ಸಂಸ್ಥೆಯೊಂದು ಬಹುಮಾನ ಕೊಳ್ಳುವ ಮಳಿಗೆ ತೆರೆಯುವ ಏರ್ಪಾಡಾಯಿತು. ಅದೇ ಬೆಳೆದು ಮೂರಂಗಡಿ ಪದ್ಧತಿ ಆಯಿತು. ಗೆದ್ದ ಗುಂಡನ್ನು ಯಂತ್ರ ಎಣಿಸುತ್ತದೆ, ಚೀಟಿಯೋ ಕಾರ್ಡೋ ಹಿಡಿದು ಕೌಂಟರಿಗೆ ಹೋಗುತ್ತೀರಿ. ಅಲ್ಲಿ ಕೊಡುವುದು ‘ವಿಶೇಷ ಬಹುಮಾನ’: ಟೋಕಿಯೊದಲ್ಲಾದರೆ ಪ್ಲಾಸ್ಟಿಕ್ ಪೊಟ್ಟಣದಲ್ಲಿ ಮೊಹರು ಮಾಡಿದ ಚೂರೇ ಚೂರು ಚಿನ್ನದ ತಗಡು, ಬೇರೆ ಊರುಗಳಲ್ಲಿ ಒಳಗೆ ಏನಿದೆಯೆಂದು ಯಾರೂ ತೆರೆದು ನೋಡದ ಪೊಟ್ಟಣ. ಅದನ್ನು ತೆಗೆದುಕೊಂಡು ಹೊರಗೆ ಬಂದು ಮೂಲೆ ತಿರುಗಿದರೆ ಮುಖ ಕಾಣದಷ್ಟು ತಗ್ಗಿನಲ್ಲಿ ಒಂದು ಸಣ್ಣ ಕಿಟಕಿ. ಪೊಟ್ಟಣ ಇಟ್ಟರೆ ಖಾನೆ ಒಳಗೆ ಸರಿಯುತ್ತದೆ, ವಾಪಸು ಬರುವಾಗ ಅದರಲ್ಲಿ ನೋಟು. ಆ ಕಿಟಕಿಯವರು ಪೊಟ್ಟಣವನ್ನು ಸಗಟು ವ್ಯಾಪಾರಿಗೆ ಮಾರುತ್ತಾರೆ, ಅವನು ಪಚಿಂಕೊ ಅಂಗಡಿಗೆ ಮಾರುತ್ತಾನೆ. ಚಿನ್ನ ಅದೇ ಮೂರು ಮನೆ ಸುತ್ತುತ್ತಿರುತ್ತದೆ, ನಮ್ಮ ಗೌರಿ ಬಾಗಿನದ ಮೊರದ ಹಾಗೆ. ಚಿನ್ನದ ಧಾರಣೆ ಏರಿದಾಗ ಆ ತಗಡಿನ ಬೆಲೆಯನ್ನೂ ತಿದ್ದಬೇಕಾಗುತ್ತದೆ ಅನ್ನುವುದೊಂದೇ ಅದು ನಿಜವಾದ ಚಿನ್ನ ಎಂದು ನೆನಪಿಸುವ ವಿಷಯ.

ಕಿಟಕಿ ಎಲ್ಲಿದೆ ಅಂತ ಕೌಂಟರಿನಲ್ಲಿ ಕೇಳಿ ನೋಡಿ. ನೇರ ಉತ್ತರ ಸಿಗುವುದಿಲ್ಲ. “ಎಲ್ಲರೂ ಆ ಕಡೆ ಹೋಗುವ ಹಾಗೆ ಕಾಣುತ್ತದೆ” ಅನ್ನುತ್ತಾರೆ. ಗುಂಡು 5.3 ಗ್ರಾಮು ಇದ್ದರೆ ಹಿಡಿಯುವ ರಾಜ್ಯಕ್ಕೆ ಈ ಕಿಟಕಿಯ ವಿಷಯದಲ್ಲಿ ಮಾತ್ರ ದೃಷ್ಟಿ ಮಂದ. 2016ರಲ್ಲಿ ಸಂಸತ್ತಿನ ಪ್ರಶ್ನೆಗೆ ಸರ್ಕಾರ ಕೊಟ್ಟ ಲಿಖಿತ ಉತ್ತರದ ಸಾರ ಹೀಗೆ: ಗಿರಾಕಿ ತನಗೆ ಸಿಕ್ಕ ಬಹುಮಾನವನ್ನು ಅಂಗಡಿಗೆ ಸಂಬಂಧಪಡದ ಮೂರನೆಯವರಿಗೆ ಮಾರುವುದೂ ಉಂಟು ಎಂದು ತಿಳಿದಿದೆ. ಅಷ್ಟು ಒಪ್ಪಿಕೊಳ್ಳಲು 55 ವರ್ಷ ಹಿಡಿಯಿತು.

ನಮ್ಮ ಕಡೆಯ ರಂಗೋಲಿ ಬೇರೆ ಥರದ್ದು. ಕರ್ನಾಟಕ ಪೊಲೀಸ್ ಕಾಯ್ದೆ 1963 ಜೂಜನ್ನು ನಿಷೇಧಿಸುತ್ತದೆ, ಬರಿಯ ಕೌಶಲದ ಆಟಕ್ಕೆ ವಿನಾಯಿತಿ ಕೊಡುತ್ತದೆ. ಜಪಾನಿಗೆ ‘ಗೆದ್ದವನಿಗೆ ಏನು ಸಿಕ್ಕಿತು’ ಎಂಬುದು ಪ್ರಶ್ನೆಯಾದರೆ, ನಮಗೆ ‘ಗೆದ್ದದ್ದು ತಲೆಯಿಂದಲೋ ಅದೃಷ್ಟದಿಂದಲೋ’ ಎಂಬುದು ಪ್ರಶ್ನೆ. ರಮ್ಮಿ ಬಹುಮಟ್ಟಿಗೆ ಕೌಶಲ ಎಂದು ಸುಪ್ರೀಂ ಕೋರ್ಟು 1967ರಲ್ಲೇ ಹೇಳಿತು. ಆ ಒಂದು ಪದದ ನೆರಳಲ್ಲಿ ರಿಕ್ರಿಯೇಷನ್ ಕ್ಲಬ್ಬುಗಳು ಬೆಳೆದವು, ಆಮೇಲೆ ಫೋನಿನ ಆ್ಯಪುಗಳು. 2021ರಲ್ಲಿ ರಾಜ್ಯ ಕಾಯ್ದೆ ತಿದ್ದಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ಹೊಡೆದುಹಾಕಿತು. 2025ರ ಆಗಸ್ಟಿನಲ್ಲಿ ಸಂಸತ್ತು, ಕೌಶಲವೋ ಅದೃಷ್ಟವೋ ಎಂಬ ಪ್ರಶ್ನೆಯನ್ನೇ ಪಕ್ಕಕ್ಕಿಟ್ಟು, ಹಣದ ಆನ್‌ಲೈನ್ ಆಟವನ್ನು ದೇಶಕ್ಕೆಲ್ಲ ನಿಷೇಧಿಸುವ ಕಾಯ್ದೆ ಮಾಡಿತು. ಈ ಹಗ್ಗಜಗ್ಗಾಟದಲ್ಲಿ ಗಂಟೆಗೆ ಎಷ್ಟು ಕೈ ಆಡಬಹುದು, ಒಬ್ಬ ನಾಲ್ಕು ಗಂಟೆಯಲ್ಲಿ ಎಷ್ಟು ಕಳೆದುಕೊಳ್ಳಬಹುದು ಎಂದು ನಮ್ಮ ರಾಜ್ಯದ ಕಾಯ್ದೆ ಒಂದು ಅಂಕಿಯನ್ನೂ ಬರೆಯಲಿಲ್ಲ. ಲಾಟರಿಯದೂ ಅದೇ ಕತೆ. 2007ರಲ್ಲಿ ಕರ್ನಾಟಕ ನಿಲ್ಲಿಸಿತು. 2024ರಲ್ಲಿ ಕೇರಳದ ಓಣಂ ಬಂಪರಿನ 25 ಕೋಟಿ ಬಂದದ್ದು, ವಯನಾಡಿನಲ್ಲಿ ಟಿಕೆಟು ಕೊಂಡ ಮಂಡ್ಯ ಜಿಲ್ಲೆಯವರೊಬ್ಬರಿಗೆ. ಬೆಳಗಾವಿಯವರಿಗೆ ಗೋವಾದ ಕ್ಯಾಸಿನೊ ಹಡಗು ಎಷ್ಟು ದೂರ?

ಓಸಿಯನ್ನೇ ತೆಗೆದುಕೊಳ್ಳಿ. ಪತ್ರಿಕೆಯ ಅಪರಾಧ ಸುದ್ದಿಯಲ್ಲಿ ‘1 ರೂಪಾಯಿಗೆ 80 ರೂಪಾಯಿ ಕೊಡುವುದಾಗಿ ಕೂಗಿ ಜನರಿಂದ ಹಣ ಸಂಗ್ರಹಿಸುತ್ತಿದ್ದ’ ಎಂಬ ವಾಕ್ಯವನ್ನು ಓದದ ಕನ್ನಡಿಗ ಇಲ್ಲ. ನೂರು ಜೋಡಿ ಅಂಕಿಯಲ್ಲಿ ಒಂದು ಗೆದ್ದು 80 ಸಿಕ್ಕರೆ ರೂಪಾಯಿಗೆ 20 ಪೈಸೆ ಬುಕ್ಕಿಯದು, ಅದೂ ಅಂಕಿ ಪ್ರಾಮಾಣಿಕವಾಗಿ ಎತ್ತಿದ್ದರೆ. ಮೇಲೆ ಲೆಕ್ಕ ಹಾಕಿದ ಪಚಿಂಕೊ ಯಂತ್ರ ನೂರಕ್ಕೆ ಇಟ್ಟುಕೊಳ್ಳುವುದು ಹತ್ತಕ್ಕಿಂತ ಕಡಿಮೆ. ಹಾಗಾದರೆ ಪಚಿಂಕೊ ವಾಸಿಯೇ? ಹೀಗೆ ಹೇಳುವವರು ವೇಗವನ್ನು ಮರೆಯುತ್ತಾರೆ. ಓಸಿ ಆಡುವವನು ದಿನಕ್ಕೆ ಒಂದೋ ಎರಡೋ ಸಲ ಚೀಟಿ ಬರೆಸಿ, ಸಂಜೆಯವರೆಗೂ ಕಾದು, ಚಹಾ ಕುಡಿದು ಮನೆಗೆ ಹೋಗುತ್ತಾನೆ. ಪಚಿಂಕೊದಲ್ಲಿ ಗಂಟೆಗೆ 200 ಸಲ ಚೀಟಿ ಎತ್ತಿಯಾಗುತ್ತದೆ. ಸಣ್ಣ ಕಚ್ಚು, ಆದರೆ ಬಿಡದೆ ಕಚ್ಚುತ್ತದೆ. ನಿಮಿಷಕ್ಕೆ 100 ಗುಂಡು ಎಂಬ ಮಿತಿ ಎಷ್ಟು ಮುಖ್ಯ ಅನ್ನುವುದು ಇಲ್ಲಿ ಅರ್ಥವಾಗಬೇಕು. 1950ರ ದಶಕದಲ್ಲಿ ಎಡೆಬಿಡದೆ ಗುಂಡು ಹಾರಿಸುವ ಯಂತ್ರಗಳು ಬಂದಾಗ ಜಪಾನು ಮೊದಲು ನಿಷೇಧಿಸಿದ್ದು ಆ ವೇಗವನ್ನೇ, ಆಟವನ್ನಲ್ಲ. ಫೋನಿನ ರಮ್ಮಿಯಲ್ಲೂ ಮೊದಲು ಹಿಡಿಯಬೇಕಿದ್ದದ್ದು ವೇಗವನ್ನು ಅನ್ನುವುದು ನನ್ನ ವಾದ.

ಇಷ್ಟೆಲ್ಲ ಅಳೆದೂ ಜಪಾನಿನಲ್ಲಿ ಮನೆ ಮುಳುಗಿಸಿಕೊಂಡವರು ಇದ್ದಾರೆ. ಜೂಜಿನ ಚಟದ ಬಗ್ಗೆ 2018ರಲ್ಲಿ ಪ್ರತ್ಯೇಕ ಕಾಯ್ದೆಯೇ ಬಂತು. ಬೇಸಿಗೆಯಲ್ಲಿ ಅಂಗಡಿ ಸಿಬ್ಬಂದಿ ಪಾರ್ಕಿಂಗ್ ಜಾಗದಲ್ಲಿ ಕಾರು ಕಾರಿಗೂ ಇಣುಕುತ್ತಾ ತಿರುಗುತ್ತಾರೆ, ಕೂಸನ್ನು ಕಾರಿನಲ್ಲಿ ಬಿಟ್ಟು ಆಡಲು ಕೂತವರಿಂದ ಸಾವುಗಳಾಗಿವೆ. ಅದೇ ಕಾಲಕ್ಕೆ ಆಟ ತಾನಾಗಿಯೂ ಕುಗ್ಗುತ್ತಿದೆ. 1995ರ ಹೊತ್ತಿಗೆ 18,000 ದಾಟಿದ್ದ ಅಂಗಡಿಗಳು ಈಗ 7,000ಕ್ಕಿಂತ ಕಡಿಮೆ. 2023ರಿಂದ ಬಂದಿರುವ ‘ಸ್ಮಾರ್ಟ್’ ಯಂತ್ರಗಳಲ್ಲಿ ಗುಂಡು ಹೊರಗೆ ಬರುವುದೇ ಇಲ್ಲ. ಒಳಗೊಳಗೇ ಸುತ್ತುತ್ತದೆ, ನಿಮಗೆ ಕಾಣುವುದು ಅಂಕಿ ಮಾತ್ರ. ಬೊಗಸೆಯ ಭಾರ ಹೋಯಿತು. ಕಳೆದುಕೊಳ್ಳುವುದು ಇನ್ನೂ ಹಗುರಾಯಿತು.

ಬಿಡದಿಯಿಂದ ಟೊಯೊಟಾ ತರಬೇತಿಗೆಂದು ನಗೋಯಾ ಕಡೆ ಬರುವವರಿಗೆ ಈ ಆಟದ ತವರೂ ಅದೇ ಊರು ಅಂತ ಹೇಳಿದರೆ ಒಮ್ಮೆ ನೋಡಬೇಕು ಅನ್ನಿಸುವುದು ಸಹಜ. ನೋಡುವುದಾದರೆ 18 ತುಂಬಿರಬೇಕು. 1 ಯೆನ್ನಿನ ಸಾಲು ಹುಡುಕಿ, ಗುಂಡು ಹೊರಗೆ ಬರುವ ಹಳೇ ಯಂತ್ರ ಆರಿಸಿ. ಗೆಲುವು 99ಕ್ಕೆ ಒಂದು ಇರುವ ಮಾದರಿಗೆ ಅಮಾದೆಜಿ ಅಂತಾರೆ, ಕಾಯುವ ಕಷ್ಟ ಕಡಿಮೆ. ಬಟ್ಟಲಿನಲ್ಲಿ ಬೇರೆಯವರ ಲೈಟರೋ ಫೋನೋ ಇದ್ದರೆ ಆ ಜಾಗ ಅವರದು, ಕೂರಬೇಡಿ. ಸಾವಿರ ಯೆನ್ ಹಾಕಿ, ಕೈಗವಸು ತೆಗೆಯಿರಿ, ಹಿಡಿಯನ್ನು ಮೆಲ್ಲಗೆ ತಿರುಗಿಸಿ ಗುಂಡು ಬುಕ್ಕೊಮಿಗೆ ಬೀಳುವಲ್ಲಿ ನಿಲ್ಲಿಸಿ, ಮೂರು ದೀಪ ಹತ್ತಿದರೆ ಕೈ ಬಿಡಿ. ಸಾವಿರ ಮುಗಿದರೆ ಎದ್ದು ಬನ್ನಿ. ಆಕಸ್ಮಾತ್ ಗೆದ್ದರೆ ಕೌಂಟರಿನಲ್ಲಿ ಪೊಟ್ಟಣಗಳ ಲೆಕ್ಕ ಮುಗಿದು ಇಪ್ಪತ್ತೋ ಮೂವತ್ತೋ ಗುಂಡು ಬೆಸ ಉಳಿಯುತ್ತದೆ. ಅದಕ್ಕೆ ಕಿಟಕಿಯಲ್ಲಿ ಕಾಸಿಲ್ಲ. ಕೌಂಟರಿನ ಹುಡುಗಿ ಒಂದು ಸಣ್ಣ ಬುಟ್ಟಿಯನ್ನು ಎರಡೂ ಕೈಯಲ್ಲಿ ಮುಂದಕ್ಕೆ ಹಿಡಿಯುತ್ತಾಳೆ, ಒಳಗೆ ಚಾಕೊಲೇಟು, ಪೆಪ್ಪರ್‌ಮಿಂಟು. ಕಾಯ್ದೆಯಲ್ಲಿ ಬರೆದಿರುವ ಬಹುಮಾನ ಅಂದರೆ ಅದೇ.